ಇತ್ಸಿಂಗನ ಬರಹದಲ್ಲಿ ಮಿತಾಹಾರ ಮತ್ತು ದೇಹಪರೀಕ್ಷೆ

ಪ್ರಾಚೀನ ಭಾರತದ ಜನಜೀವನವನ್ನು ಕುರಿತು ಬರೆಯುವಾಗ ನಮ್ಮ ಇತಿಹಾಸಕಾರರು ಆಹಾರದ ವಿಷಯಕ್ಕೆ ಒಂದೆರಡು ಪುಟಗಳನ್ನು ಮಾತ್ರ ಮೀಸಲಿಡುವುದು ವಾಡಿಕೆ. ಆ ಪುಟಗಳಲ್ಲಿಯೂ ಧಾನ್ಯಗಳ ಹೆಸರು, ಭಕ್ಷ್ಯಗಳ ಪಟ್ಟಿ, ನಿಷಿದ್ಧ ಪದಾರ್ಥಗಳ ವಿವರ ಇವೇ ಇರುತ್ತವೆ. ಉಣ್ಣುವವನು ತನ್ನ ಹಸಿವನ್ನು ಹೇಗೆ ಅರಿಯುತ್ತಿದ್ದನು, ಎಲ್ಲಿಗೆ ನಿಲ್ಲಿಸುತ್ತಿದ್ದನು, ಊರನ್ನು ಬಿಟ್ಟು ಪರಸ್ಥಳಕ್ಕೆ ಹೋದಾಗ ಆ ಅರಿವು ಏನಾಗುತ್ತಿತ್ತು ಎಂಬ ಪ್ರಶ್ನೆಗಳು ಅಲ್ಲಿ ಏಳುವುದಿಲ್ಲ. ಮಿತಾಹಾರವೆಂದೊಡನೆ ಅದನ್ನು ವ್ರತನಿಯಮವೆಂದು ಎಣಿಸಿ ಮುಂದೆ ಸಾಗುವುದೂ ಉಂಟು. ಈ ಎಣಿಕೆ ಪೂರ್ಣವಾಗಿ ಸರಿಯಲ್ಲವೆಂಬುದಕ್ಕೆ ಚೀನೀ ಯಾತ್ರಿಕನಾದ ಇತ್ಸಿಂಗನ ಗ್ರಂಥದಲ್ಲಿ ಬಲವಾದ ಆಧಾರವಿದೆ. ಅದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಇತ್ಸಿಂಗನು ಕ್ರಿ. ಶ. ೬೩೫ರಲ್ಲಿ ಜನಿಸಿ ೭೧೩ರಲ್ಲಿ ಮೃತನಾದ ಬೌದ್ಧಭಿಕ್ಷು. ೬೭೧ರಲ್ಲಿ ಚೀನದ ದಕ್ಷಿಣ ತೀರದಿಂದ ಪಾರಸಿಕರ ಹಡಗನ್ನೇರಿ ಹೊರಟು, ಶ್ರೀವಿಜಯದಲ್ಲಿ ಕೆಲವು ತಿಂಗಳು ನಿಂತು ಸಂಸ್ಕೃತ ವ್ಯಾಕರಣವನ್ನು ಅಭ್ಯಾಸಮಾಡಿ, ೬೭೩ರಲ್ಲಿ ವಂಗದೇಶದ ತಾಮ್ರಲಿಪ್ತಿ ರೇವನ್ನು ತಲುಪಿದನು. ಅನಂತರ ಸುಮಾರು ೧೦ ವರ್ಷ ನಾಲಂದೆಯಲ್ಲಿ ವ್ಯಾಸಂಗ ಮಾಡಿದನು. ಆಗ ಬಾದಾಮಿಯಲ್ಲಿ ಚಾಲುಕ್ಯ ಒಂದನೆಯ ವಿಕ್ರಮಾದಿತ್ಯನೂ ಅವನ ತರುವಾಯ ವಿನಯಾದಿತ್ಯನೂ ಆಳುತ್ತಿದ್ದರು. ಹಿಂದಿರುಗುವಾಗ ಶ್ರೀವಿಜಯದಲ್ಲಿ ನಿಂತು, ತಾನು ಕಂಡ ವಿಹಾರಗಳ ಆಚಾರವ್ಯವಹಾರಗಳನ್ನು ೪೦ ಅಧ್ಯಾಯಗಳ ಗ್ರಂಥವಾಗಿ ಬರೆದು ೬೯೨ರಲ್ಲಿ ಸ್ವದೇಶಕ್ಕೆ ಕಳುಹಿಸಿದನು. ಜಪಾನಿನ ವಿದ್ವಾಂಸ ತಕಕುಸು ಅವರು ೧೮೯೬ರಲ್ಲಿ ಇದನ್ನು ಇಂಗ್ಲಿಷಿಗೆ ಅನುವಾದಿಸಿದ ಮೇಲೆ ಅದು ನಮ್ಮ ಇತಿಹಾಸದ ಮುಖ್ಯ ಆಕರಗಳಲ್ಲಿ ಒಂದಾಯಿತು.

ಈ ಗ್ರಂಥದಲ್ಲಿ ರೋಗಲಕ್ಷಣಗಳನ್ನು ಕುರಿತ ಅಧ್ಯಾಯವು ನಮ್ಮ ವಿಷಯಕ್ಕೆ ಅತ್ಯಂತ ಮಹತ್ತ್ವದ್ದು. ಬೆಳಗಿನ ಲಘುಭೋಜನಕ್ಕೆ ಮೊದಲು ಭಿಕ್ಷುವು ತನ್ನ ದೇಹವು ಹಗುರವಾಗಿದೆಯೋ ಭಾರವಾಗಿದೆಯೋ ಎಂಬುದನ್ನು ಪರೀಕ್ಷಿಸಿಕೊಳ್ಳಬೇಕೆಂದು ಇತ್ಸಿಂಗನು ಹೇಳುತ್ತಾನೆ. ಅಸ್ವಸ್ಥತೆ ಕಂಡುಬಂದರೆ ಅದರ ಕಾರಣವನ್ನು ಹುಡುಕಿ ವಿಶ್ರಾಂತಿ ಪಡೆಯಬೇಕು. ಸ್ವಸ್ಥತೆ ಮರಳಿದಾಗ ಹಸಿವು ತಾನಾಗಿಯೇ ತೋರುತ್ತದೆ. ಆಗ ಸ್ವಲ್ಪ ಉಣ್ಣಬೇಕು. ಮುಂಜಾವು ಕಫದ ಕಾಲವಾದುದರಿಂದ ರಾತ್ರಿಯ ಅನ್ನರಸವು ಇನ್ನೂ ಕರಗದೆ ಎದೆಯಲ್ಲಿ ಉಳಿದಿರುತ್ತದೆ. ಚೆನ್ನಾಗಿ ಉರಿಯುವ ಬೆಂಕಿ ಹಾಕಿದ ಸೌದೆಯನ್ನು ಸುಡುತ್ತದೆ, ಹತ್ತದ ಬೆಂಕಿಯ ಮೇಲೆ ಹುಲ್ಲು ಹೇರಿದರೆ ಅದು ಹಾಗೆಯೇ ಉಳಿಯುತ್ತದೆ ಎಂಬುದು ಅವನು ಕೊಡುವ ದೃಷ್ಟಾಂತ. ಉಪವಾಸಕ್ಕೆ ಹಣ ಬೇಡ, ವೈದ್ಯನನ್ನು ಹುಡುಕಿಕೊಂಡು ಹೋಗಬೇಕಾಗಿಯೂ ಇಲ್ಲ. ಇದನ್ನು ಅರಿತ ಪ್ರತಿಯೊಬ್ಬನೂ ತನಗೆ ತಾನೇ ಜೀವಕನಾಗಬಲ್ಲನೆಂದು ಅವನ ಮತ. ಇಲ್ಲಿ ಪಾಪಪುಣ್ಯಗಳ ಮಾತಿಲ್ಲ. ದೇಹವೇ ಪ್ರಮಾಣ, ಹಸಿವೇ ಸಾಕ್ಷಿ.

ಈ ತಿಳುವಳಿಕೆ ವಿಹಾರಗಳಲ್ಲಿ ಮಾತ್ರ ಹುಟ್ಟಿದುದಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಹೊಟ್ಟೆಯನ್ನು ಮೂರು ಭಾಗವಾಗಿ ಎಣಿಸಿ, ಒಂದನ್ನು ಘನಾಹಾರಕ್ಕೂ ಒಂದನ್ನು ದ್ರವಕ್ಕೂ ಬಿಟ್ಟು, ಉಳಿದುದನ್ನು ವಾತಪಿತ್ತಕಫಗಳ ಸಂಚಾರಕ್ಕೆ ತೆರವಾಗಿಡಬೇಕೆಂದು ವಿಧಿಸಿದೆ. ಹಿಂದಿನ ಊಟ ಜೀರ್ಣವಾದ ಮೇಲೆಯೇ ಉಣ್ಣಬೇಕು, ಅತಿ ಬೇಗನೆಯೂ ಅತಿ ನಿಧಾನವಾಗಿಯೂ ಉಣ್ಣಬಾರದು, ಮಾತು ನಗೆಗಳನ್ನು ಬಿಟ್ಟು ಊಟದಲ್ಲಿಯೇ ಮನಸ್ಸಿಟ್ಟು ತನಗೆ ಯಾವುದು ಒಗ್ಗುವುದೆಂಬುದನ್ನು ವಿವೇಚಿಸಿ ಉಣ್ಣಬೇಕು ಎಂಬ ನಿಯಮಗಳೂ ಅಲ್ಲಿಯೇ ಇವೆ. ಹಸಿವು ಬಾಯಾರಿಕೆಗಳನ್ನು ತಡೆಯಬಾರದ ವೇಗಗಳಲ್ಲಿ ಸೇರಿಸಿರುವುದು ಸೂತ್ರಸ್ಥಾನದಲ್ಲಿ ಕಾಣುತ್ತದೆ. ಎಂಟು ಅಂಗಗಳ ವೈದ್ಯಶಾಸ್ತ್ರವನ್ನು ಇತ್ಸಿಂಗನು ಹೆಸರಿಸಿರುವುದರಿಂದ ಈ ಪರಂಪರೆಯ ಪರಿಚಯ ಅವನಿಗಿತ್ತೆಂಬುದು ಸ್ಪಷ್ಟ. ಊಟಕ್ಕೆ ಕುಳಿತುಕೊಳ್ಳುವ ಕ್ರಮದಲ್ಲಿಯೂ ದೇಹದ ಅನುಕೂಲವೇ ಮುಖ್ಯವಾಗಿತ್ತು. ಭಿಕ್ಷುಗಳು ಸುಮಾರು ೭ ಅಂಗುಲ ಎತ್ತರದ, ೧ ಅಡಿ ಚದರದ ಸಣ್ಣ ಪೀಠಗಳ ಮೇಲೆ, ಪಾದಗಳನ್ನು ನೆಲಕ್ಕೆ ಊರಿ, ಒಬ್ಬರಿಗೊಬ್ಬರು ೧ ಮೊಳ ದೂರದಲ್ಲಿ ಕುಳಿತಿರುತ್ತಿದ್ದರು. ಸ್ನಾನವನ್ನು ಹಸಿದಿರುವಾಗ ಮಾಡಬೇಕೇ ಹೊರತು ಉಂಡ ಮೇಲೆ ಮಾಡಬಾರದೆಂಬುದು ಇನ್ನೊಂದು ನಿಯಮ.

ಆದರೆ ನಿಯಮ ಬೇರೆ, ಲೋಕರೂಢಿ ಬೇರೆ. ತಾಮ್ರಲಿಪ್ತಿಗೆ ಬಂದ ಹೊಸತರಲ್ಲಿ ಇತ್ಸಿಂಗನು ಭಿಕ್ಷುಗಳಿಗೆ ಒಂದು ಸಾಮಾನ್ಯ ಔತಣವನ್ನು ಏರ್ಪಡಿಸಬೇಕೆಂದಿದ್ದನು. ಅಲ್ಲಿಯವರು ಅವನನ್ನು ತಡೆದರು. ಹೊಟ್ಟೆ ತುಂಬುವಷ್ಟನ್ನೇ ಬಡಿಸಿದರೆ ಜನ ನಕ್ಕಾರು. ಸಮೃದ್ಧವಾದ ದೊಡ್ಡ ದೇಶದಿಂದ ಬಂದವನು ಧಾರಾಳವಾಗಿ ಬಡಿಸಲಾಗದಿದ್ದರೆ ಸುಮ್ಮನಿರುವುದೇ ಲೇಸು ಎಂಬುದು ಅವರ ಮಾತಿನ ತಾತ್ಪರ್ಯ. ಎಲೆಯ ಮೇಲೆ ಮೊದಲು ಶುಂಠಿಯ ಚೂರನ್ನೂ ಉಪ್ಪನ್ನೂ ಬಡಿಸಿ ಜೀರ್ಣಶಕ್ತಿಗೆ ನೆರವಾಗುತ್ತಿದ್ದ ಅದೇ ಆತಿಥ್ಯವು, ಅತಿಥಿಯ ಹೊಟ್ಟೆಯ ಅಳತೆಯನ್ನು ಮೀರಿ ಬಡಿಸುವುದನ್ನು ಗೌರವವೆಂದು ಭಾವಿಸಿತ್ತು. ಅಳತೆಯನ್ನು ನಿರ್ಣಯಿಸತಕ್ಕವನು ಉಣ್ಣುವವನೋ ಉಣಿಸುವವನೋ ಎಂಬ ವಿವಾದ ನಮ್ಮಲ್ಲಿ ಎಷ್ಟು ಹಳೆಯದೆಂಬುದಕ್ಕೆ ಈ ಪ್ರಸಂಗಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಪ್ರಯಾಣದಲ್ಲಿ ದೇಹದ ಮಾತನ್ನು ಕೇಳುವುದು ಇನ್ನೂ ಕಠಿಣ. ಮಹಾಬೋಧಿಗೆ ೧೦ ದಿನಗಳ ದಾರಿಯಿರುವಾಗ ಇತ್ಸಿಂಗನು ಋತುದೋಷದಿಂದ ಕಾಯಿಲೆ ಬಿದ್ದನು. ನಾಲಂದೆಯ ಸುಮಾರು ೨೦ ಮಂದಿ ಭಿಕ್ಷುಗಳೂ ವರ್ತಕರೂ ಮುಂದೆ ಸಾಗಿದರು. ಅವನು ೫ ಲೀ ನಡೆಯುವಷ್ಟರಲ್ಲಿ ೧೦೦ ಸಲ ನಿಲ್ಲಬೇಕಾಯಿತು. ಒಂಟಿಯಾಗಿ ಉಳಿದವನನ್ನು ಕಳ್ಳರು ಸುತ್ತುವರಿದು ಉಟ್ಟ ಬಟ್ಟೆಯನ್ನೂ ಕಿತ್ತುಕೊಂಡರು. ಬಿಳಿಯ ಮೈಬಣ್ಣದವರನ್ನು ಬಲಿಕೊಡುವರೆಂಬ ವದಂತಿಗೆ ಹೆದರಿ ಅವನು ಮೈಗೆ ಕೆಸರು ಬಳಿದುಕೊಂಡು, ಎಲೆಗಳನ್ನು ಹೊದ್ದು, ರಾತ್ರಿ ಜೊತೆಗಾರರನ್ನು ಸೇರಿದನು. ವಿಶ್ರಾಂತಿ ಬೇಕೆಂದು ದೇಹ ಹೇಳಿದರೂ ದಾರಿ ಅದಕ್ಕೆ ಅವಕಾಶ ಕೊಡಲಿಲ್ಲ. ಅವನು ಆಮೇಲೆ ಬರೆದ ನಿಯಮಗಳನ್ನು ಓದುವಾಗ ಈ ಅನುಭವವನ್ನು ನೆನಪಿನಲ್ಲಿಡುವುದು ಯುಕ್ತ.

ಇತ್ಸಿಂಗನ ಮಾತುಗಳೆಲ್ಲವನ್ನೂ ಪರೀಕ್ಷೆಯಿಲ್ಲದೆ ಒಪ್ಪಲಾಗದು. ಸ್ವದೇಶದ ಭಿಕ್ಷುಗಳನ್ನು ತಿದ್ದಬೇಕೆಂಬ ಉದ್ದೇಶದಿಂದ ಬರೆದುದರಿಂದ ಅವನ ಭಾರತವು ಎಷ್ಟೋ ಕಡೆ ಆದರ್ಶದ ಭಾರತ. ಭಾರತದ ಯಾವ ಭಾಗದಲ್ಲಿಯೂ ಜನರು ಈರುಳ್ಳಿಯನ್ನು ತಿನ್ನುವುದಿಲ್ಲವೆಂದು ಅವನು ಹೇಳುತ್ತಾನೆ. ಆದರೆ ೧೮೯೦ರಲ್ಲಿ ಮಧ್ಯ ಏಷ್ಯದಲ್ಲಿ ದೊರೆತ ಬೋವರ್ ಹಸ್ತಪ್ರತಿಯ ವೈದ್ಯಭಾಗವು ಬೆಳ್ಳುಳ್ಳಿಯ ಗುಣವರ್ಣನೆಯಿಂದಲೇ ಪ್ರಾರಂಭವಾಗುತ್ತದೆ. ಲಾಟದೇಶದಲ್ಲಿ ರೋಗಿಗಳು ಅರ್ಧ ತಿಂಗಳು, ಕೆಲವೊಮ್ಮೆ ಪೂರ್ಣ ತಿಂಗಳು ಉಪವಾಸವಿರುವರೆಂಬ ಹೇಳಿಕೆಯನ್ನು ಚರಿತ್ರೆಯ ಸಂಗತಿಯೆಂದು ಗ್ರಹಿಸಬೇಕೇ ವಿನಾ ಚಿಕಿತ್ಸೆಯೆಂದು ಅನುಸರಿಸತಕ್ಕದ್ದಲ್ಲ. ಮಧ್ಯದೇಶದಲ್ಲಿ ಒಂದು ವಾರವೂ ದಕ್ಷಿಣ ಸಮುದ್ರದ ದ್ವೀಪಗಳಲ್ಲಿ ಎರಡು ಮೂರು ದಿನಗಳೂ ಇದರ ಮಿತಿಯೆಂದು ಅವನೇ ತಿಳಿಸುವುದರಿಂದ, ದೇಶಕ್ಕೆ ತಕ್ಕಂತೆ ದೇಹದ ಅಳತೆ ಬದಲಾಗುವುದನ್ನು ಅವನು ಗಮನಿಸಿದ್ದನೆಂಬುದು ಮಾತ್ರ ನಿಶ್ಚಿತ.

ಒಟ್ಟಿನಲ್ಲಿ, ಏಳನೆಯ ಶತಮಾನದ ಮಿತಾಹಾರವು ಕೇವಲ ವ್ರತವಾಗಿರಲಿಲ್ಲ, ಅಭ್ಯಾಸದಿಂದ ಕಲಿಯಬೇಕಾದ ಒಂದು ವಿದ್ಯೆಯಾಗಿತ್ತು ಎಂದು ನಾವು ಭಾವಿಸುತ್ತೇವೆ. ಆ ವಿದ್ಯೆಗೆ ಎದುರಾದ ಅಡ್ಡಿಗಳು ಎರಡು: ಆತಿಥ್ಯದ ಮರ್ಯಾದೆ ಮತ್ತು ಪ್ರಯಾಣದ ಒತ್ತಡ. ಕನ್ನಡದಲ್ಲಿ ಮಂಗರಸನ ಸೂಪಶಾಸ್ತ್ರದಂತಹ ಪಾಕಗ್ರಂಥಗಳಿವೆ, ದಾನಶಾಸನಗಳಲ್ಲಿ ಅನ್ನಸತ್ರಗಳ ಉಲ್ಲೇಖಗಳಿವೆ. ಏನನ್ನು ಅಟ್ಟರು ಎಂಬುದರೊಡನೆ, ಎಷ್ಟು ಉಂಡರು, ಯಾರ ಮಾತಿಗೆ ನಿಲ್ಲಿಸಿದರು ಎಂಬ ಪ್ರಶ್ನೆಯನ್ನೂ ಮುಂದಿಟ್ಟುಕೊಂಡು ನಮ್ಮ ವಿದ್ಯಾರ್ಥಿಗಳು ಆ ಆಕರಗಳನ್ನು ಮತ್ತೊಮ್ಮೆ ಓದಬೇಕಾಗಿದೆ. ಇನ್ನೊಂದು ಹೋಳಿಗೆಯನ್ನು ಎಲೆಗೆ ಹಾಕಲು ಬಾಗಿದವರ ಮುಂದೆ ಅಂಗೈಯನ್ನು ಅಡ್ಡ ಹಿಡಿಯಲು ಇಂದಿಗೂ ಸಂಕೋಚಪಡುವ ನಮಗೆ ತಾಮ್ರಲಿಪ್ತಿಯ ಆ ಪ್ರಸಂಗವು ದೂರದ ಸಂಗತಿಯೇನೂ ಅಲ್ಲ.