ಕಿತ್ತೂರು ನಾಡಿಗೆ ರೈಲು: ಹಳೆಯ ಹಾದಿ, ಹೊಸ ಚರ್ಚೆ

ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ ಮತ್ತು ರಾಮದುರ್ಗ ಇತಿಹಾಸ ಪ್ರಸಿದ್ಧ ಊರುಗಳು. 1824ರ ಅಕ್ಟೋಬರಿನಲ್ಲಿ ರಾಣಿ ಚೆನ್ನಮ್ಮನ ಸೈನ್ಯ ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಎದುರಿಸಿದ್ದು ಕಿತ್ತೂರಿನಲ್ಲಿ. ಆಕೆಯ ಸಮಾಧಿ ಇರುವುದು ಬೈಲಹೊಂಗಲದಲ್ಲಿ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಕರ್ನಾಟಕ, ಮಹಾರಾಷ್ಟ್ರಗಳಿಂದ ಲಕ್ಷಾಂತರ ಭಕ್ತರು ಬರುತ್ತಾರೆ. ರಾಮದುರ್ಗ 1948ರವರೆಗೆ ಪ್ರತ್ಯೇಕ ಸಂಸ್ಥಾನವಾಗಿತ್ತು. ಆದರೆ ಈ ನಾಲ್ಕೂ ಊರುಗಳ ಹಣೆಯಲ್ಲಿ ರೈಲು ನಿಲ್ದಾಣ ಬರೆದಿರಲಿಲ್ಲ. ಅದಕ್ಕೆ ಕಾರಣವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಹುಡುಕಬೇಕು.

ಬಂದರಿನ ಕಡೆಗೆ ತಿರುಗಿದ ಹಳಿ

1876–78ರ ಭೀಕರ ಬರಗಾಲದ ನಂತರ ಮುಂಬಯಿ ಕರ್ನಾಟಕಕ್ಕೆ ಧಾನ್ಯ ಸಾಗಿಸುವ ರೈಲು ಮಾರ್ಗ ಅಗತ್ಯವೆಂಬುದು ಆಂಗ್ಲ ಸರಕಾರಕ್ಕೆ ಮನವರಿಕೆಯಾಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಗೊಂಡಿತು. ಬರ ನಿವಾರಣೆಯ ಜೊತೆಗೆ ಹುಬ್ಬಳ್ಳಿ, ಧಾರವಾಡ, ಗದಗ ಭಾಗದ ಹತ್ತಿಯನ್ನು ಗೋವೆಯ ಮುರ್ಮಗೋವಾ ಬಂದರಿಗೆ ತಲುಪಿಸುವುದೂ ಅದರ ಉದ್ದೇಶವಾಗಿತ್ತು. ಹೀಗಾಗಿ ಮೀಟರ್‌ಗೇಜ್ ಹಳಿ ಧಾರವಾಡದಿಂದ ಪಶ್ಚಿಮಕ್ಕೆ ತಿರುಗಿ, ಅಳ್ನಾವರ, ಲೋಂಡಾಗಳ ಮೂಲಕ ಕ್ಯಾಸಲ್‌ರಾಕ್ ತಲುಪಿತು. ಲೋಂಡಾದಿಂದ ಉತ್ತರಕ್ಕೆ ಖಾನಾಪುರದ ಮೂಲಕ ಬೆಳಗಾವಿಗೆ ಇನ್ನೊಂದು ಹಳಿ ಬಂದಿತು.

ಭೂಪಟದಲ್ಲಿ ನೋಡಿದರೆ ಧಾರವಾಡ, ಲೋಂಡಾ, ಬೆಳಗಾವಿಗಳು ಒಂದು ತ್ರಿಕೋನ. ರೈಲು ಅದರ ಎರಡು ಬಾಹುಗಳನ್ನು ಸುತ್ತಿ ಬಂದರೆ, ಹೆದ್ದಾರಿ ಮೂರನೆಯ ಬಾಹುವಾಗಿ ಕಿತ್ತೂರಿನ ಮೇಲೆ ನೇರವಾಗಿ ಸಾಗುತ್ತದೆ. ಬಂದರನ್ನು ಗುರಿಯಾಗಿಟ್ಟುಕೊಂಡ ಹಳಿ ಕಿತ್ತೂರು ನಾಡನ್ನು ಪೂರ್ವಕ್ಕೆ ಬಿಟ್ಟುಹೋಯಿತು. ಮುಂದೆ ಮೀಟರ್‌ಗೇಜ್ ಬ್ರಾಡ್‌ಗೇಜ್ ಆಯಿತು. 2003ರಲ್ಲಿ ಹುಬ್ಬಳ್ಳಿ ಕೇಂದ್ರವಾಗಿ ನೈಋತ್ಯ ರೈಲ್ವೆ ವಲಯ ಕಾರ್ಯಾರಂಭ ಮಾಡಿತು. ಹಾದಿ ಮಾತ್ರ ಬದಲಾಗಲಿಲ್ಲ.

ಕಿತ್ತೂರಿನ ಮೂಲಕ ನೇರ ಮಾರ್ಗ

ಈ ಕೊರತೆಯನ್ನು ನೀಗಿಸಲು ರೂಪುಗೊಂಡದ್ದು ಧಾರವಾಡ–ಕಿತ್ತೂರು–ಬೆಳಗಾವಿ ಯೋಜನೆ. ಬೆಳಗಾವಿ ಸಂಸದರಾಗಿದ್ದ ದಿವಂಗತ ಸುರೇಶ ಅಂಗಡಿಯವರು ರೈಲ್ವೆ ರಾಜ್ಯ ಸಚಿವರಾಗಿದ್ದ 2019–20ರ ಅವಧಿಯಲ್ಲಿ ಅದಕ್ಕೆ ಚಾಲನೆ ದೊರೆಯಿತು. ಉದ್ದ ಸುಮಾರು 73 ಕಿ.ಮೀ.; ಆಗಿನ ಅಂದಾಜು ವೆಚ್ಚ ಸುಮಾರು 927 ಕೋಟಿ ರೂಪಾಯಿ. ಲೋಂಡಾ ಮೂಲಕದ ಪ್ರಯಾಣ ಸುಮಾರು 120 ಕಿ.ಮೀ. ಎಂಬುದನ್ನು ಗಮನಿಸಿದರೆ ಉಳಿತಾಯ ಅಲ್ಪವೇನಲ್ಲ. ವೆಚ್ಚದ ಅರ್ಧಪಾಲು ಹಾಗೂ ಭೂಮಿಯನ್ನು ಒದಗಿಸುವ ಹೊಣೆಯನ್ನು ರಾಜ್ಯ ಸರಕಾರ ಹೊತ್ತಿತು.

ರೈತರ ಆಕ್ಷೇಪ

ಭೂಸ್ವಾಧೀನದ ಹಂತದಲ್ಲಿಯೇ ಯೋಜನೆ ತೊಡಕಿಗೆ ಸಿಲುಕಿತು. ಬೆಳಗಾವಿ ಸಮೀಪದ ದೇಸೂರು, ಗರ್ಲಗುಂಜಿ, ನಂದಿಹಳ್ಳಿ ಮೊದಲಾದ ಗ್ರಾಮಗಳ ರೈತರು ಪ್ರತಿಭಟನೆಗಿಳಿದರು. ಅವರ ವಿರೋಧ ರೈಲಿಗಲ್ಲ, ಅದು ಹಾಯುವ ಜಾಗಕ್ಕೆ. ಫಲವತ್ತಾದ ಹೊಲಗಳನ್ನು ಬಿಟ್ಟು ಬರಡು ನೆಲದ ಮೂಲಕ ಮಾರ್ಗ ಒಯ್ಯಬೇಕೆಂಬುದು ಅವರ ಬೇಡಿಕೆ. ಎರಡೆಕರೆ, ಮೂರೆಕರೆ ಹಿಡುವಳಿಯ ಕುಟುಂಬಕ್ಕೆ ಹೊಲದ ನಡುವೆ ಹಾಯುವ ರೈಲು ಏರಿ ನೆಲವನ್ನಷ್ಟೇ ಕಸಿಯುವುದಿಲ್ಲ. ಉಳಿದ ತುಂಡುಗಳಿಗೆ ಎತ್ತು, ಬಂಡಿ, ಟ್ರ್ಯಾಕ್ಟರ್ ಹೋಗುವ ದಾರಿಯೂ, ಮಳೆಯ ನೀರು ಹರಿದುಹೋಗುವ ಜಾಡೂ ತಪ್ಪುತ್ತದೆ. ಪರಿಹಾರಧನ ಒಮ್ಮೆ ಕೈಗೆ ಬಂದು ಕರಗಿಹೋದರೆ ಬೆಳೆ ಮರಳಿ ಬಾರದು.

ಊರೊಳಗೋ, ಊರ ಹೊರಗೋ?

ನಿಲ್ದಾಣ ಎಲ್ಲಿರಬೇಕೆಂಬುದು ಇನ್ನೊಂದು ಪ್ರಶ್ನೆ. ಪೇಟೆಗೆ ಹತ್ತಿರವಿದ್ದರೆ ವಿದ್ಯಾರ್ಥಿಗಳು, ಸಣ್ಣ ವ್ಯಾಪಾರಿಗಳು, ಆಸ್ಪತ್ರೆಗೆ ಹೋಗುವವರು ನಡೆದೇ ತಲುಪಬಹುದು. ಆದರೆ ಊರೊಳಗಿನ ಹಳಿಯ ಬೆಲೆ ಏನೆಂಬುದನ್ನು ಬೆಳಗಾವಿ ಬಲ್ಲದು. ಟಿಳಕವಾಡಿಯ ಗೇಟುಗಳ ಮುಂದೆ ವಾಹನಗಳ ಸಾಲು ನಗರಕ್ಕೆ ಹಳೆಯ ತಲೆನೋವು. ಕಪಿಲೇಶ್ವರ ರಸ್ತೆಯಲ್ಲಿ ಮೇಲ್ಸೇತುವೆ ಕಟ್ಟಬೇಕಾಯಿತು. ಊರು ಬೆಳೆದ ಮೇಲೆ ಸೇತುವೆ ಕಟ್ಟುವುದಕ್ಕಿಂತ ಹಳಿ ಹಾಕುವಾಗಲೇ ಕೆಳಸೇತುವೆ, ಮೇಲ್ಸೇತುವೆಗಳನ್ನು ಸೇರಿಸುವುದು ಮಿತವ್ಯಯದ ಮಾರ್ಗ. ನಿಲ್ದಾಣ ಹೊರಗಿದ್ದರೆ ಹೊಲ, ಮನೆ, ಕೋಟೆಯ ಪರಿಸರ ಉಳಿಯಬಹುದು. ಆದರೆ ಪ್ರತಿ ರೈಲಿಗೂ ಹೊಂದುವ ಬಸ್ ಇಲ್ಲದಿದ್ದರೆ ನಿಲ್ದಾಣ ಇದ್ದೂ ಇಲ್ಲದಂತೆ.

ಉಳಿದ ಮೂರು ಊರುಗಳು

ಹೆದ್ದಾರಿಯಿಂದ ಪೂರ್ವಕ್ಕಿರುವ ಬೈಲಹೊಂಗಲ ಈ ಮಾರ್ಗದ ಮೇಲಿಲ್ಲ. ಹತ್ತಿಯ ಪೇಟೆಯೆಂದು ಹೆಸರಾದ ಈ ಊರಿಗೆ ಕಿತ್ತೂರಿನ ಕಡೆಯ ನಿಲ್ದಾಣವೇ ಆಸರೆಯಾಗಬೇಕು. ಸವದತ್ತಿ, ರಾಮದುರ್ಗಗಳ ಆಸೆ ಧಾರವಾಡ–ಸವದತ್ತಿ–ರಾಮದುರ್ಗ–ಲೋಕಾಪುರ ಮಾರ್ಗದ ಮೇಲಿದೆ. 2010–11ರಲ್ಲಿ ಮಂಜೂರಾದ ಬಾಗಲಕೋಟೆ–ಕುಡಚಿ ಮಾರ್ಗ ಲೋಕಾಪುರದ ಮೂಲಕ ಹಾಯುವುದರಿಂದ ಆ ಬೇಡಿಕೆಗೆ ಬಲ ಬಂದಿದೆ. ಸಮೀಕ್ಷೆ ನಡೆದರೂ ನಿರೀಕ್ಷಿತ ಆದಾಯ ಸಾಲದೆಂಬ ಕಾರಣ ಅಡ್ಡಬಂದಿತು. ಭಾರತ ಹುಣ್ಣಿಮೆಯ ಜಾತ್ರೆಗೆ ಚಕ್ಕಡಿ, ಬಸ್ಸು, ಲಾರಿಗಳಲ್ಲಿ ಬರುವ ಜನಸಾಗರವನ್ನು ಆ ಲೆಕ್ಕ ಎಷ್ಟರಮಟ್ಟಿಗೆ ಎಣಿಸಿದೆ ಎಂಬುದು ಹೋರಾಟಗಾರರ ಪ್ರಶ್ನೆ.

1880ರ ದಶಕದಲ್ಲಿ ಮಾರ್ಗ ಗುರುತಿಸಿದವರು ಈ ಭಾಗದ ಜನರನ್ನು ಕೇಳಲಿಲ್ಲ. ಆ ಒಂದು ನಿರ್ಧಾರದ ಫಲವನ್ನು ನಾಲ್ಕು ತಾಲೂಕುಗಳು ನೂರಮೂವತ್ತು ವರ್ಷಕ್ಕೂ ಮೇಲ್ಪಟ್ಟು ಉಂಡಿವೆ. ಒಮ್ಮೆ ಹಾಕಿದ ಹಳಿ ಸುಲಭವಾಗಿ ಸರಿಯುವುದಿಲ್ಲ. ಆದ್ದರಿಂದ ಹೊಲ ಕೊಡುವವನ ಮಾತನ್ನೂ ರೈಲು ಹತ್ತುವವನ ಮಾತನ್ನೂ ಕೇಳಬೇಕಾದದ್ದು ಹಳಿ ಬೀಳುವ ಮುನ್ನವೇ.