ಹೊಳೆದಂಡೆಯ ಬಿಡಾರಗಳು

ಆಲಮಟ್ಟಿ ಹಿನ್ನೀರಿನ ದಂಡೆಗೆ ಒಂದು ರಾತ್ರಿ ಟೆಂಟ್ ಹಾಕಿ ಮಲಗಬೇಕು ಅಂತ ಆಫೀಸಿನ ಗೆಳೆಯರು ಆಗಾಗ ಕೇಳ್ತಾರೆ. ನಿಡಗುಂದಿ ಕಡೆಯವನು ನೀನು, ಜಾಗ ತೋರಿಸು ಅಂತ. ತೋರಿಸೋಣ, ಅದೇನು ದೊಡ್ಡ ಮಾತಲ್ಲ. ಆದರೆ ಈ ದಂಡೆಗೆ ಡೇರೆ ಹೊಸದಲ್ಲ. ಹೆಂಡಿರು ಮಕ್ಕಳು, ಕುದುರೆ ಸಮೇತ ಇಲ್ಲಿ ಬಿಡಾರ ಹೂಡಿದವರಲ್ಲಿ ದಿಲ್ಲಿಯ ಬಾದಶಹನೂ ಒಬ್ಬ.

ನಿಡಗುಂದಿಯಿಂದ ಕೃಷ್ಣಾ ಹೊಳೆಗುಂಟ ಪಶ್ಚಿಮಕ್ಕೆ ಹೋದರೆ ಬೀಳಗಿ ತಾಲ್ಲೂಕಿನ ಗಲಗಲಿ ಸಿಗುತ್ತದೆ. 1686ರಲ್ಲಿ ವಿಜಾಪುರ ಗೆದ್ದ ಔರಂಗಜೇಬ ತಿರುಗಿ ದಿಲ್ಲಿಗೆ ಹೋಗಲೇ ಇಲ್ಲ. ಮರಾಠರ ಬೆನ್ನು ಹತ್ತಿ ದಖ್ಖನ್ನಿನಲ್ಲೇ ಉಳಿದ. 1690ರ ದಶಕದ ಮೊದಲರ್ಧದಲ್ಲಿ ಅವನ ಬಿಡಾರ ಬಹುಕಾಲ ಇದ್ದದ್ದು ಗಲಗಲಿಯಲ್ಲಿ. 1695ರ ಮಾರ್ಚ್‌ನಲ್ಲಿ ಜೆಮೆಲ್ಲಿ ಕರೇರಿ ಅನ್ನೋ ಇಟಲಿಯ ಪ್ರವಾಸಿ ಗೋವಾ ಕಡೆಯಿಂದ ಅಲ್ಲಿಗೆ ಬಂದು ಬಾದಶಹನನ್ನು ಕಂಡ. ಬೆನ್ನು ಬಾಗಿದ, ಬಿಳಿ ಗಡ್ಡದ, 76ರ ಮುದುಕ. ಕನ್ನಡಕವಿಲ್ಲದೆ ತಾನೇ ಅರ್ಜಿ ಓದಿ ಸಹಿ ಹಾಕುತ್ತಿದ್ದ ಅಂತ ಬರೆದಿಟ್ಟಿದ್ದಾನೆ. ಬಿಡಾರದ ಲೆಕ್ಕವನ್ನೂ ಕೊಟ್ಟಿದ್ದಾನೆ: 60,000 ಕುದುರೆ ಸವಾರರು, 1,00,000 ಕಾಲಾಳು, 250 ಬಜಾರು, ಸುತ್ತಳತೆ 30 ಮೈಲಿ.

ಇದು ಅಲ್ಲಿ ಯಾರೋ ಹೇಳಿದ್ದನ್ನು ಬರೆದುಕೊಂಡ ಲೆಕ್ಕ, ಸ್ವಲ್ಪ ಉಬ್ಬಿದ್ದರೂ ಉಬ್ಬಿರಬಹುದು. ಅರ್ಧಕ್ಕೆ ಇಳಿಸೋಣ. 30,000 ಕುದುರೆ. ಒಂದು ಕುದುರೆಗೆ ದಿನಕ್ಕೆ ಎಂಟು ಕೆಜಿ ಒಣ ಮೇವು ಅಂತ ಹಿಡಿದರೂ ದಿನಕ್ಕೆ 240 ಟನ್. ಕಣಿಕಿ ಬಣವಿ ಎಷ್ಟು ಬೇಕು, ಒಟ್ಟಿದವರಿಗೆ ಗೊತ್ತು. ಆನೆ, ಒಂಟೆ, ಎತ್ತುಗಳ ಹೊಟ್ಟೆ ಬೇರೆ. ಇಂಥ ದಂಡುಗಳಿಗೆ ದೂರದಿಂದ ಎತ್ತಿನ ಮೇಲೆ ಕಾಳು ಹೇರಿಕೊಂಡು ಬರುತ್ತಿದ್ದವರು ಬಂಜಾರರು. ನಮ್ಮ ಸುತ್ತಲಿನ ತಾಂಡಾಗಳ ಹಿರೀಕರು. ಆದರೆ ಮೇವು ಎಲ್ಲಿಂದ ಬರಬೇಕು? ಸುತ್ತಲಿನ ಹೊಲಗಳಿಂದ. ಬಾದಶಹನ ಬಿಡಾರದ ವೈಭವ ಓದುವಾಗ ನನಗೆ ಮೊದಲು ಕಾಣೋದು ಆ ವರ್ಷ ಕಣಿಕಿ ಕಳಕೊಂಡ ಎರಿ ಹೊಲದ ರೈತ.

ಅಷ್ಟು ದೊಡ್ಡ ಊರು ನಡೆಯೋದಕ್ಕೆ ಮೊಗಲರಲ್ಲಿ ಒಂದು ವ್ಯವಸ್ಥೆ ಇತ್ತು, ಪೇಶ್‌ಖಾನಾ ಅಂತ. ಬಾದಶಹನಿಗೆ ಎರಡು ಜೊತೆ ಡೇರೆ. ಅವನು ಒಂದರಲ್ಲಿ ಮಲಗಿರುವಾಗ ಇನ್ನೊಂದು ಮುಂದಿನ ಮುಕ್ಕಾಮಿಗೆ ಹೋಗಿ ನಿಂತಿರಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಸ್ಟ್ಯಾಂಡ್‌ಬೈ ಸರ್ವರ್ ಮೊದಲೇ ರೆಡಿ.

ಸಂಸಾರವೂ ಜೊತೆಗೇ ಇತ್ತು. ಬಾದಶಹನ ಮಗಳು ಝೀನತ್‌ಉನ್ನಿಸಾ ಇದ್ದಳು, ಹೆಂಡತಿ ಉದೈಪುರಿ ಮಹಲ್ ಇದ್ದಳು. ಇವರಿಗಿಂತ ನನ್ನನ್ನು ಕಾಡೋದು ಒಬ್ಬ ಹುಡುಗ. 1689ರಲ್ಲಿ ಸಂಭಾಜಿಯನ್ನು ಕೊಂದ ವರ್ಷವೇ ರಾಯಗಡ ಬಿದ್ದು, ಅವನ ಹೆಂಡತಿ ಯೇಸುಬಾಯಿ ಮತ್ತು ಏಳು ವರ್ಷದ ಮಗ ಶಾಹು ಸೆರೆಯಾದರು. ಬಾದಶಹನ ದಂಡು ಹೋದಲ್ಲೆಲ್ಲ ಅವರನ್ನೂ ಕರೆದುಕೊಂಡು ಹೋಗುತ್ತಿದ್ದರು. 1707ರಲ್ಲಿ ಔರಂಗಜೇಬ ಸತ್ತ ಮೇಲೆ ಶಾಹುವನ್ನು ಬಿಟ್ಟರು. ಆಗವನಿಗೆ 25 ವರ್ಷ. ಮುಂದೆ ಸಾತಾರೆಯಲ್ಲಿ ಛತ್ರಪತಿಯಾದವನು ದೊಡ್ಡವನಾದದ್ದು ಅರಮನೆಯಲ್ಲಲ್ಲ, ಶತ್ರುವಿನ ಡೇರೆಗಳ ನಡುವೆ. ಯೇಸುಬಾಯಿಗೆ ಬಿಡುಗಡೆ ಸಿಕ್ಕಿದ್ದು 1719ರಲ್ಲಿ, 30 ವರ್ಷಕ್ಕೆ.

1695ರಲ್ಲೇ ಆ ಬಿಡಾರ ಗಲಗಲಿ ಬಿಟ್ಟು ಭೀಮಾ ದಂಡೆಯ ಬ್ರಹ್ಮಪುರಿಗೆ ಹೋಯಿತು, ಈಗಿನ ಮಂಗಳವೇಢೆ ತಾಲ್ಲೂಕಿಗೆ. ಗಲಗಲಿಯಲ್ಲಿದ್ದ 250 ಬಜಾರುಗಳೂ ಹಾಗೇ ಗಂಟು ಕಟ್ಟಿದವು.

ಅದೇ ಮಂಗಳವೇಢೆ ತಾಲ್ಲೂಕಿನ ಹುಲಜಂತಿಯಲ್ಲಿ ದೀಪಾವಳಿಗೆ ಮಾಳಿಂಗರಾಯನ ಜಾತ್ರೆ. ನಮ್ಮ ಭಾಗದ ಹಾಲುಮತದವರು ಡೊಳ್ಳು ಹೊತ್ತು ಹೋಗುತ್ತಾರೆ. ಕುರಿಗಾರರ ಬಿಡಾರ ಬಾದಶಹನಿಗಿಂತ ಮೊದಲೂ ಇತ್ತು, ಆಮೇಲೂ ಉಳಿಯಿತು. ಈಗಲೂ ರಾಷ್ಟ್ರೀಯ ಹೆದ್ದಾರಿ 50ರ ಬದಿಗೆ ಕಾರು ನಿಧಾನ ಮಾಡಿದರೆ ಕಾಣುತ್ತೀರಿ: ಮುಂದೆ ಒಂದೋ ಎರಡೋ ಗಿಡ್ಡ ಕುದುರೆ. ಮೇಲೆ ತಾಡಪಾಲು, ಬಲೆ, ಬೋಗುಣಿ, ಹಿಟ್ಟಿನ ಚೀಲ, ಕಾಲು ಕಟ್ಟಿದ ಕೋಳಿ, ನಿನ್ನೆ ಹುಟ್ಟಿದ ಕುರಿಮರಿಗಳು ಇಣುಕುವ ಜೋಳಿಗೆ. ಇಷ್ಟರ ಮೇಲೆ ಒಮ್ಮೊಮ್ಮೆ ಒಂದು ಕೂಸು. ಹಗ್ಗ ಹಿಡಿದವಳು ಸಾಮಾನ್ಯವಾಗಿ ಹೆಣ್ಣುಮಗಳು. ಗಂಡಸರು ಕುರಿ ಮೇಯಿಸುತ್ತ ಹೊಲ, ಗುಡ್ಡ ಸುತ್ತಿ ಬರುವಷ್ಟರಲ್ಲಿ ಇವಳು ನೆಟ್ಟಗೆ ಮುಂದಿನ ಮುಕ್ಕಾಮಿಗೆ ಹೋಗಿ, ಬಲೆ ಕಟ್ಟಿ, ಒಲೆ ಹೂಡಿ, ರೊಟ್ಟಿ ಬಡಿದಿರಬೇಕು. ಪೇಶ್‌ಖಾನಾ ಅಂದರೆ ಇದೇ ಅಲ್ಲವೇ? ಬಾದಶಹನಿಗೆ ಎರಡು ಜೊತೆ ಡೇರೆ ಬೇಕಾಯಿತು, ಇವಳಿಗೆ ಒಂದು ಕುದುರೆ ಸಾಕು.

ಬಾದಶಹನ ದಂಡು ಹೊಲ ತಿಂದು ಹೋಗುತ್ತಿತ್ತು. ಕುರಿ ಹಿಂಡು ಹೊಲಕ್ಕೆ ಕೊಟ್ಟು ಹೋಗುತ್ತದೆ. ನಾನು ಸಣ್ಣವನಿದ್ದಾಗ ರಾಶಿ ಮುಗಿದ ಮೇಲೆ ನಮ್ಮ ಓಣಿಯ ರೈತರು ಕುರಿಗಾರರ ಹಾದಿ ಕಾಯುತ್ತಿದ್ದರು. "ಕಾಕಾ, ಈ ಸಲ ನಮ್ಮ ಹೊಲದಾಗ ನಾಕ್ ರಾತ್ರಿ ಕುರಿ ನಿಂದರಸ್ರಿ" ಅಂತ ಅಪ್ಪ ಕೇಳುತ್ತಿದ್ದ. "ಗೌಡ್ರ ಹೊಲದಾಗ ನಿಂದರಿಸಿ ಬರ್ತೀನಿ ತಮ್ಮಾ, ಜ್ವಾಳ ಎಷ್ಟು ಕೊಡ್ತಿ ಮದಲ ಹೇಳು" ಅನ್ನೋರು. ರಾತ್ರಿಗಿಷ್ಟು ಜೋಳ, ಮೇಲೆ ಸ್ವಲ್ಪ ರೊಕ್ಕ. ಹಿಕ್ಕಿ, ಉಚ್ಚಿ ಎರಡೂ ಬಿದ್ದ ನೆಲ ಮುಂದಿನ ಸಲ ಬೆಳೆ ಬೇರೆ ಥರಾನೇ ಕೊಡುತ್ತಿತ್ತು. ಬಲೆ ದಿನಾ ಜಾಗ ಬದಲಿಸಬೇಕು, ಹೊಲ ಪೂರ್ತಿ ಮುಗಿಯುವವರೆಗೆ.

ಇನ್ನು ಆ ಗಿಡ್ಡ ಕುದುರೆ. ನಾವು ತಟ್ಟು ಅಂತ ನಗುತ್ತಿದ್ದೆವು. ಭೀಮಾ ದಂಡೆಯ ಈ ಬಗೆಯ ಕುದುರೆಗೆ ಮಹಾರಾಷ್ಟ್ರದಲ್ಲಿ ಭೀಮಥಡಿ ಅನ್ನುತ್ತಾರೆ. ಥಡಿ ಅಂದರೆ ದಂಡೆ. ನಮ್ಮ 'ತಡಿ' ನೆನಪಾಗದೇ ಇರದು. ಮೊಗಲ್ ಸರದಾರರು ಹೊರದೇಶದಿಂದ ಬಂದ ಎತ್ತರದ ಕುದುರೆ ಏರಿದರೆ, ಅವರನ್ನು ಕಾಡಿದ ಮರಾಠರು ಏರಿದ್ದು ಈ ಗಿಡ್ಡ ಜಾತಿಯನ್ನು. ಸಿಕ್ಕಷ್ಟು ತಿಂದು ದೂರ ಓಡುವ, ಗುಡ್ಡ ಹತ್ತುವ ಪ್ರಾಣಿ. 1818ರಲ್ಲಿ ಪೇಶ್ವೆಯ ರಾಜ್ಯ ಮುಗಿದ ಮೇಲೆ ಸವಾರರ ದಂಡುಗಳು ಚದುರಿದವು, ಕುದುರೆಗೆ ಕೆಲಸ ಇಲ್ಲದಂತಾಯಿತು. ಆಗ ಅದನ್ನು ಉಳಿಸಿದ್ದು ಸಂಸ್ಥಾನದ ಲಾಯಗಳಿಗಿಂತ ಹೆಚ್ಚಾಗಿ ಧನಗರರು. ಭೀಮಥಡಿಗೆ ಪ್ರತ್ಯೇಕ ತಳಿ ಅನ್ನೋ ರಾಷ್ಟ್ರೀಯ ಮಾನ್ಯತೆ ಸಿಕ್ಕಿದ್ದು ತೀರಾ ಇತ್ತೀಚೆಗೆ. ನಮ್ಮ ಕುರಿಗಾರರ ತಟ್ಟುಗಳೂ ನೋಡೋಕೆ ಅದೇ ಅಚ್ಚಿನವು. ಯುದ್ಧದ ಕುದುರೆಯ ವಂಶ ಕುರಿಮರಿ ಹೊತ್ತು ಬದುಕಿಕೊಂಡಿತು ಅನ್ನೋದು ನನಗಂತೂ ಇತಿಹಾಸದ ಒಳ್ಳೆಯ ಸುದ್ದಿಗಳಲ್ಲಿ ಒಂದು.

ಈಗ ಹೊಳೆಯೇ ಬದಲಾಗಿದೆ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. 2006ರ ಆಗಸ್ಟ್‌ನಲ್ಲಿ ರಾಷ್ಟ್ರಪತಿ ಕಲಾಂ ಅಣೆಕಟ್ಟೆಯನ್ನು ನಾಡಿಗೆ ಅರ್ಪಿಸಿದರು. 519.6 ಮೀಟರ್ ಮಟ್ಟಕ್ಕೆ ನಿಂತರೆ ಸುಮಾರು 123 ಟಿಎಂಸಿ ನೀರು. ಬಾಗಲಕೋಟೆಯ ಹಳೇ ಪೇಟೆಯೂ ಮುಳುಗಿತು, ದಂಡೆಯ ಹಳ್ಳಿಗಳೂ. ಹಾಗಂತ ಕುರಿಗಾರರು ಸೋಲಲಿಲ್ಲ. ಬೇಸಿಗೆಗೆ ನೀರು ಹಿಂದೆ ಸರಿದಾಗ ಹಸಿ ನೆಲದಲ್ಲಿ ಹುಲ್ಲು ಬರುತ್ತದೆ, ಅಲ್ಲಿಗೇ ಹಿಂಡು ಇಳಿಸುತ್ತಾರೆ. ಕಷ್ಟ ಮೇಲಿನ ಹೊಲಗಳಲ್ಲಿ. ಕಾಲುವೆ ನೀರು ಬಂದ ಕಡೆ ಕಬ್ಬು, ಎರಡು ಬೆಳೆ; ಖಾಲಿ ಬಿದ್ದ ನೆಲವೇ ಇಲ್ಲ. ಯೂರಿಯಾ ಚೀಲ ಸಿಕ್ಕ ಮೇಲೆ ಹಿಕ್ಕಿಗೆ ಜೋಳ ಅಳೆಯುವವರು ಕಡಿಮೆ. ಕುರಿ ಹಾದಿಗಳಿಗೆ ತಂತಿ ಬೇಲಿ ಬಂದಿದೆ.

ಮುಂದಿನ ಮಾತು ಅಣೆಕಟ್ಟೆಯನ್ನು 524.256 ಮೀಟರ್‌ಗೆ ಏರಿಸೋದು. 2010ರಲ್ಲಿ ನ್ಯಾಯಮಂಡಳಿ ಅದಕ್ಕೆ ಒಪ್ಪಿತ್ತು. ಇನ್ನೂ 75 ಸಾವಿರ ಎಕರೆಯಷ್ಟು ನೆಲ ನೀರಿನೊಳಗೆ ಹೋಗುತ್ತದೆ. 2025ರಲ್ಲಿ ಸರ್ಕಾರ ಎಕರೆಗೆ ಖುಷ್ಕಿಗೆ 30 ಲಕ್ಷ, ನೀರಾವರಿಗೆ 40 ಲಕ್ಷ ಅಂತ ಪರಿಹಾರ ನಿಗದಿ ಮಾಡಿತು. ರೈತನಿಗೆ ಅದು ಬರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಣ ಬರೋದು ಉತಾರದಲ್ಲಿ ಹೆಸರಿದ್ದವರಿಗೆ. ತಲೆಮಾರುಗಳಿಂದ ಅದೇ ಹೊಲದಲ್ಲಿ ವರ್ಷಕ್ಕೆ ನಾಲ್ಕು ರಾತ್ರಿ ಬಲೆ ಕಟ್ಟಿದವರ ಹೆಸರು ಯಾವ ಉತಾರದಲ್ಲೂ ಇಲ್ಲ.

ಗೆಳೆಯರೇ, ಟೆಂಟ್ ತರ್ರಿ. ಮಾರ್ಚ್ ಆದಮೇಲೆ ಬಂದರೆ ಒಳ್ಳೇದು, ನೀರು ಇಳಿದಿರುತ್ತದೆ. ದಂಡೆಯಲ್ಲಿ ಬಲೆ ಕಟ್ಟಿದ್ದು ಕಂಡರೆ ಸ್ವಲ್ಪ ದೂರ ಹಾಕೋಣ, ರಾತ್ರಿ ಅವರ ನಾಯಿಗಳು ಬಿಡೋದಿಲ್ಲ.