ಹೆಸರು ತಪ್ಪಿದ ಅಕ್ಷರ

ಕಲ್ಮಲದಲ್ಲಾಗಲಿ, ಮಾನ್ವಿ ದೇವದುರ್ಗಗಳ ಹಾದಿಯಲ್ಲಾಗಲಿ ಹಳೆಯ ಗುಡಿಯ ಬಳಿ ಹಳಗನ್ನಡದ ಶಾಸನಗಲ್ಲು ಕಂಡರೆ ಒಂದು ಗಳಿಗೆ ನಿಂತು ನೋಡಿ. ನಿಮ್ಮ ಮಕ್ಕಳ ವರ್ಣಮಾಲೆಯಲ್ಲಿಲ್ಲದ ‘ೞ’ ಅದರಲ್ಲಿ ಸಿಕ್ಕೀತು. ನಾವು ಮಳೆ, ಏಳು, ಕೋಳಿ ಎನ್ನುವುದನ್ನು ಹಿಂದಿನವರು ಮೞೆ, ಏೞು, ಕೋೞಿ ಎಂದು ಬರೆದರು. ಅವರಿಗೆ ಅೞಿ ಎಂದರೆ ನಾಶವಾಗು, ಅಳಿ ಎಂದರೆ ದುಂಬಿ; ಈಗ ಎರಡಕ್ಕೂ ಒಂದೇ ಬರಹ. ತಮಿಳರ ನಾಲಗೆಯಲ್ಲಿ ಆ ಧ್ವನಿ ಇಂದಿಗೂ ಉಂಟು. ಸುಮಾರು 1260ರಲ್ಲಿ ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜನು ಇದನ್ನು ‘ರಳ’ವೆಂದು ಕರೆದು, ಇದುಳ್ಳ ಪದಗಳ ಪಟ್ಟಿಯನ್ನೇ ಕೊಡಬೇಕಾಯಿತು. ಬಲ್ಲವರಿಗೆ ಪಟ್ಟಿ ಏತಕ್ಕೆ?

ಬರಹ ಬಳಕೆ ತಪ್ಪುವುದು ನಮ್ಮಲ್ಲಷ್ಟೇ ಅಲ್ಲ. ಅದೇ ಕಾಲದಲ್ಲಿ, 1269ರಲ್ಲಿ, ಮಂಗೋಲರ ಕುಬ್ಲಾಯ್ ಖಾನನು ಜಾರಿಗೆ ತಂದ ಫಾಗ್ಸ್‌-ಪಾ ಲಿಪಿಯೂ ಮೂಲೆಗೆ ಸರಿಯಿತು. ಇಂಥವಕ್ಕೆಲ್ಲ ಈಗ ಆಸರೆ ಯೂನಿಕೋಡ್. ಕಂಪ್ಯೂಟರುಗಳಿಗಾಗಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಗೊತ್ತುಮಾಡುವ ಜಾಗತಿಕ ಪಟ್ಟಿ ಅದು. ಖಾನನ ಲಿಪಿ 2006ರಲ್ಲಿ ಅಲ್ಲಿಗೆ ಸೇರಿತು. ನಮ್ಮ ೞ 1990ರ ದಶಕದ ಮೊದಲಲ್ಲೇ ಸೇರಿತ್ತು. ಆದರೆ ‘ಕನ್ನಡ ಅಕ್ಷರ ಫ’ ಎಂಬ ಹೆಸರಿನಲ್ಲಿ! ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲವೆಂಬುದು ಪಟ್ಟಿಯ ಕಟ್ಟಳೆ, ಅದನ್ನು ನಂಬಿದ ಯಂತ್ರಗಳು ಎಡವದಿರಲೆಂದು. ಹಾಗಾಗಿ ಸರಿಯಾದ ಹೆಸರನ್ನು ಪಕ್ಕದಲ್ಲಿ ಅಡ್ಡಹೆಸರಾಗಿ ಸೇರಿಸಿದ್ದಾರೆ. ಹೆಸರೇನೇ ಇರಲಿ, ಸ್ಥಾನ ಸಿಕ್ಕಿತಲ್ಲ ಎಂಬುದೇ ನನಗೆ ಸಮಾಧಾನ. ಕಲ್ಲಿನ ಮೇಲಿರುವ ೞಕಾರವನ್ನು ಳಕಾರವಾಗಿಸದೆ ನಕಲು ಮಾಡಬಹುದು.

ಹಳೆಯ ಬರಹಗಳಲ್ಲಿ ಸ್ವರವಿಲ್ಲದ ನಕಾರಕ್ಕೆ ಬಳಸುತ್ತಿದ್ದ ‘ನಕಾರ ಪೊಲ್ಲು’ ಮಾತ್ರ ತನ್ನ ಸಂಖ್ಯೆಗಾಗಿ 2021ರವರೆಗೆ ಕಾದಿತು.